ಕೋರ್ಸಿನ ಮಾಹಿತಿಗೆ ಹೊಣೆ ಯಾರು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಮುಟ್ಟಿವೆ. ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದಲ್ಲಿ ಕೋರ್ಸುಗಳ ಬಗ್ಗೆ ಕೊಡುವ ಮಾಹಿತಿ ಎಷ್ಟು ನಂಬಲರ್ಹ, ಅದನ್ನು ಸರಿಯಾಗಿ ಇಡುವ ಕೆಲಸ ಯಾರದು ಎಂಬುದೇ ಆ ವಿಷಯ. ಪತ್ರ ಬರೆದವರ ಕೋರಿಕೆಯಂತೆ ಅವರ ಹೆಸರುಗಳನ್ನು ಬಿಟ್ಟಿದ್ದೇನೆ. ಹಲವು ವರ್ಷ ಒಂದು ವಿಶ್ವವಿದ್ಯಾಲಯದ ಶೈಕ್ಷಣಿಕ ವಿಭಾಗದಲ್ಲಿ ಕಡತಗಳ ನಡುವೆ ಕೆಲಸ ಮಾಡಿದವನಾದ್ದರಿಂದ ಈ ಬಾರಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಉಳಿಸಿ ಇವುಗಳನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಕಲಬುರಗಿಯಲ್ಲಿ ವಿಶ್ವವಿದ್ಯಾಲಯವೊಂದರ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಕಳೆದ ಪ್ರವೇಶಾತಿಯ ಸಮಯದಲ್ಲಿ ಒಂದೇ ಸ್ನಾತಕೋತ್ತರ ಕೋರ್ಸಿನ ಶುಲ್ಕ ನಮ್ಮ ವಿವರಣ ಪುಸ್ತಿಕೆಯಲ್ಲಿ ಒಂದು, ಜಾಲತಾಣದಲ್ಲಿ ಇನ್ನೊಂದು, ವಿಭಾಗದವರು ವಾಟ್ಸಾಪಿನಲ್ಲಿ ಹಂಚಿದ ಚಿತ್ರದಲ್ಲಿ ಮತ್ತೊಂದು ಇತ್ತು. ಕೌಂಟರಿನಲ್ಲಿ ಕುಳಿತ ನಾನು ದಿನವಿಡೀ ಪೋಷಕರಿಂದ ಬೈಸಿಕೊಂಡೆ. ಈಗ ಅಧೀಕ್ಷಕರು ಜಾಲತಾಣದ ಕೋರ್ಸು ಮಾಹಿತಿಯನ್ನೆಲ್ಲ ಸರಿಪಡಿಸುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ಹೆಚ್ಚಿನ ಸಿಬ್ಬಂದಿಯೂ ಇಲ್ಲ, ಹಣವೂ ಇಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಜಾಲತಾಣ ಎಂಬ ಮಾತು ಹಲವು ಸಲ ಬಂದಿದೆ, ಆದರೆ ನೀವು ಹೇಳಿರುವ ತೊಂದರೆ ಹುಟ್ಟಿದ್ದು ಜಾಲತಾಣದಲ್ಲಿ ಅಲ್ಲ, ಕಡತದಲ್ಲಿ. ಒಂದು ಕೋರ್ಸಿನ ಪಠ್ಯಕ್ರಮವನ್ನು ಅಧ್ಯಯನ ಮಂಡಳಿ ರೂಪಿಸುತ್ತದೆ, ವಿದ್ಯಾವಿಷಯಕ ಪರಿಷತ್ತು ಒಪ್ಪುತ್ತದೆ, ಶುಲ್ಕ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಮುಂದೆ ಹೋಗುತ್ತದೆ, ಮೀಸಲಾತಿಯ ನಿಯಮ ಸರ್ಕಾರದ ಆದೇಶದಿಂದ ಬರುತ್ತದೆ, ಅರ್ಜಿಯ ದಿನಾಂಕಗಳು ಪ್ರವೇಶಾತಿ ಅಧಿಸೂಚನೆಯಿಂದ ಬರುತ್ತವೆ. ಹೀಗೆ ಐದು ಕಡೆ ಹುಟ್ಟಿದ ಸಂಗತಿಗಳನ್ನು ಪುಸ್ತಿಕೆ ಮಾಡುವವರು ಒಮ್ಮೆ ನಕಲು ಮಾಡಿಕೊಳ್ಳುತ್ತಾರೆ, ಜಾಲತಾಣದವರು ಇನ್ನೊಮ್ಮೆ, ವಿಭಾಗದ ಮುಖ್ಯಸ್ಥರು ತಮ್ಮ ಪುಟಕ್ಕಾಗಿ ಮಗದೊಮ್ಮೆ. ಮೂಲದಲ್ಲಿ ತಿದ್ದುಪಡಿಯಾದಾಗ ನಕಲುಗಳಲ್ಲಿ ಒಂದೆರಡು ಬದಲಾಗುತ್ತವೆ, ಉಳಿದವು ಹಳೆಯದಾಗಿಯೇ ಉಳಿಯುತ್ತವೆ. ನೀವು ಜಾಲತಾಣವನ್ನು ಎಷ್ಟು ಅಂದಗೊಳಿಸಿದರೂ ಈ ನಕಲು ಮಾಡುವ ಪದ್ಧತಿ ನಿಲ್ಲದಿದ್ದರೆ ಮುಂದಿನ ಜೂನ್ ತಿಂಗಳಲ್ಲಿ ಮತ್ತೆ ಅದೇ ಕೌಂಟರಿನಲ್ಲಿ ಅದೇ ಮಾತು ಕೇಳಬೇಕಾಗುತ್ತದೆ.

ಆದ್ದರಿಂದ ಮೊದಲು ಕಂಪ್ಯೂಟರಿನಲ್ಲಿ ಒಂದು ಸಾದಾ ಕೋಷ್ಟಕ ತೆರೆಯಿರಿ. ಒಂದು ಕೋರ್ಸಿಗೆ ಒಂದು ಸಾಲು. ಕೋರ್ಸಿನ ಪೂರ್ಣ ಹೆಸರು, ಅವಧಿ, ಸೀಟುಗಳ ಸಂಖ್ಯೆ, ಅರ್ಹತೆ, ಶುಲ್ಕ, ಆಯ್ಕೆಯ ವಿಧಾನ, ಬೋಧನಾ ಮಾಧ್ಯಮ, ತರಗತಿ ನಡೆಯುವ ಸ್ಥಳ, ಬೇಕಾದ ದಾಖಲೆಗಳು, ಹಾಸ್ಟೆಲಿನ ಸೌಲಭ್ಯ ಇವುಗಳಿಗೆ ಒಂದೊಂದು ಅಂಕಣ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ನೀವು ಸೇರಿಸಬೇಕಾದದ್ದು ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ಇನ್ನೂ ನಾಲ್ಕು: ಅದು ಯಾವ ಆದೇಶದಿಂದ ಬಂತು, ಆದೇಶದ ಸಂಖ್ಯೆ ಮತ್ತು ದಿನಾಂಕವೇನು, ಅದನ್ನು ಬದಲಾಯಿಸುವ ಅಧಿಕಾರ ಯಾವ ಹುದ್ದೆಗಿದೆ, ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ. ಹೊಣೆಯ ಅಂಕಣದಲ್ಲಿ ವ್ಯಕ್ತಿಯ ಹೆಸರು ಬರೆಯಬೇಡಿ, ಹುದ್ದೆಯನ್ನು ಬರೆಯಿರಿ. ವ್ಯಕ್ತಿ ವರ್ಗವಾಗಿ ಹೋಗುತ್ತಾರೆ, ಹುದ್ದೆ ಉಳಿಯುತ್ತದೆ. ಈ ಕೋಷ್ಟಕ ತುಂಬುವಾಗಲೇ ನಿಮಗೆ ಅರ್ಧ ರೋಗ ಕಾಣಿಸುತ್ತದೆ, ಏಕೆಂದರೆ ಕೆಲವು ಶುಲ್ಕಗಳಿಗೆ ಆದೇಶವೇ ಸಿಗುವುದಿಲ್ಲ, ಕೆಲವು ಅರ್ಹತೆಗಳನ್ನು ಯಾರು ಯಾವಾಗ ಬದಲಾಯಿಸಿದರೆಂದು ಯಾರಿಗೂ ನೆನಪಿರುವುದಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬಹಳ ವರ್ಷಗಳ ಹಿಂದೆ ನಾನಿದ್ದ ವಿಶ್ವವಿದ್ಯಾಲಯದಲ್ಲಿ ಹಿಂದಿನ ವರ್ಷದ ಪುಸ್ತಿಕೆಯ ಕಡತವನ್ನೇ ತೆರೆದು, ವರ್ಷವನ್ನಷ್ಟೇ ತಿದ್ದಿ ಮುದ್ರಣಕ್ಕೆ ಕಳುಹಿಸಿದೆ. ಆ ನಡುವೆ ಒಂದು ವಿಜ್ಞಾನ ಕೋರ್ಸಿಗೆ ಪದವಿಯಲ್ಲಿ ಓದಿರಬೇಕಾದ ಐಚ್ಛಿಕ ವಿಷಯದ ನಿಯಮ ಬದಲಾಗಿತ್ತು. ಹಳೆಯ ಅರ್ಹತೆಯನ್ನು ನಂಬಿ ಅರ್ಜಿ ಹಾಕಿದ ಒಬ್ಬ ಹುಡುಗ, ದಾಖಲೆ ಪರಿಶೀಲನೆಯ ದಿನ ಅನರ್ಹನೆಂದು ತಿಳಿದು, ಬೇರೆ ಕಡೆ ಅರ್ಜಿ ಹಾಕುವ ದಿನಾಂಕವೂ ಮುಗಿದು, ಒಂದು ವರ್ಷ ಮನೆಯಲ್ಲಿ ಕುಳಿತ. ಅವನ ತಂದೆ ನನ್ನ ಮೇಜಿನ ಮುಂದೆ ನಿಂತು ಪುಸ್ತಿಕೆಯ ಆ ಪುಟವನ್ನು ಬೆರಳಿನಿಂದ ತೋರಿಸಿದ್ದು ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಹಿಂದಿನ ವರ್ಷದ ಕಡತವನ್ನು ತಿದ್ದಿ ಹೊಸದು ಮಾಡುವ ಅಭ್ಯಾಸವನ್ನು ಬಿಟ್ಟೆ. ಪ್ರತಿ ವರ್ಷ ಖಾಲಿ ಕೋಷ್ಟಕದಿಂದ ಆರಂಭಿಸಿ, ಪ್ರತಿ ಅಂಕಿಗೂ ಆದೇಶವನ್ನು ನೋಡಿ ತುಂಬುವುದು ನಿಧಾನದ ಕೆಲಸವೇ ಸರಿ. ಆದರೆ ಅದಕ್ಕಿಂತ ಹತ್ತಿರದ ದಾರಿ ನನಗೆ ಸಿಕ್ಕಿಲ್ಲ.

ಅಂಕಣಗಳಲ್ಲಿ ಎರಡಕ್ಕೆ ಹೆಚ್ಚು ಸಮಯ ಕೊಡಿ. ಒಂದು ಶುಲ್ಕ. ನಮ್ಮ ಕಡೆಯ ಪೋಷಕರಿಗೆ ಬೇಕಾದದ್ದು ಬೋಧನಾ ಶುಲ್ಕದ ಅಂಕಿಯಲ್ಲ. ಸೇರುವ ದಿನ ಜೇಬಿನಲ್ಲಿ ಎಷ್ಟು ಇರಬೇಕು, ಇಡೀ ವರ್ಷಕ್ಕೆ ಎಷ್ಟಾಗುತ್ತದೆ ಎಂಬುದು. ಪ್ರವೇಶ ಶುಲ್ಕ, ನೋಂದಣಿ, ಪ್ರಯೋಗಾಲಯ, ಪರೀಕ್ಷೆ, ಹಾಸ್ಟೆಲ್ ಠೇವಣಿ ಎಲ್ಲವನ್ನೂ ಕೂಡಿಸಿ, ಸಾಮಾನ್ಯ ವರ್ಗದವರಿಗೆ ಇಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇಷ್ಟು, ಪ್ರವರ್ಗ-1ಕ್ಕೆ ಇಷ್ಟು ಎಂದು ಮೊತ್ತವನ್ನೇ ಬರೆಯಿರಿ. ವಿದ್ಯಾರ್ಥಿವೇತನದ ಹಣ ನಂತರ ಬರುವಂಥದ್ದಾದರೆ ಅದನ್ನೂ ಸ್ಪಷ್ಟವಾಗಿ ಹೇಳಿ. ತೊಗರಿ ಮಾರಿದ ಹಣ ಕೈಗೆ ಬರುವ ತಿಂಗಳು ಮತ್ತು ಶುಲ್ಕ ಕಟ್ಟುವ ತಿಂಗಳು ಒಂದೇ ಅಲ್ಲವಾದ್ದರಿಂದ, ಕಂತಿನಲ್ಲಿ ಕಟ್ಟಬಹುದೇ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಪುಟ ಇಲ್ಲಿನ ರೈತ ಕುಟುಂಬಕ್ಕೆ ಅಪೂರ್ಣ.

ಇನ್ನೊಂದು ದಾಖಲೆಗಳ ಪಟ್ಟಿ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ 2013ರಲ್ಲಿ ಬಂದ ಪ್ರವೇಶ ಆದೇಶವು ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳನ್ನು ಇಲ್ಲಿನ ಸ್ಥಳೀಯರಿಗೂ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳನ್ನು ಈ ಭಾಗದವರಿಗೂ ಮೀಸಲಿಟ್ಟಿದೆ. ಈ ಸೌಲಭ್ಯ ಬೇಕಾದವರು ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು. ಅದು ಕೇಳಿದ ದಿನವೇ ಸಿಗುವ ಕಾಗದವಲ್ಲ. ಹಾಗಿದ್ದೂ ಎಷ್ಟೋ ಪುಟಗಳಲ್ಲಿ 'ಅನ್ವಯಿಸುವ ಪ್ರಮಾಣಪತ್ರಗಳು' ಎಂಬ ಎರಡೇ ಪದಗಳಲ್ಲಿ ಈ ವಿಷಯ ಮುಗಿದುಹೋಗುತ್ತದೆ. ಯಾವ ಪ್ರಮಾಣಪತ್ರ, ಯಾವ ನಮೂನೆ, ಎಲ್ಲಿ ಸಿಗುತ್ತದೆ, ಅದಕ್ಕೆ ಯಾವ ಶಾಲಾ ದಾಖಲೆ ಬೇಕು ಎಂಬುದನ್ನು ಅಧಿಸೂಚನೆ ಹೊರಡುವ ಮೊದಲೇ, ಜನವರಿ ಅಥವಾ ಫೆಬ್ರುವರಿಯಲ್ಲೇ ಪ್ರಕಟಿಸಿದರೆ ಹಳ್ಳಿಯ ಮಕ್ಕಳು ಕೊನೆಯ ವಾರದಲ್ಲಿ ಉಪವಿಭಾಗದ ಕಚೇರಿಗೆ ಅಲೆಯುವುದು ತಪ್ಪುತ್ತದೆ. ದ್ವಿತೀಯ ಪಿಯುಸಿ ಫಲಿತಾಂಶ 2024ರಲ್ಲೂ 2025ರಲ್ಲೂ ಏಪ್ರಿಲ್ ತಿಂಗಳಲ್ಲೇ ಬಂದಿತು. ಫಲಿತಾಂಶ ಬಂದ ದಿನವೇ ಮಕ್ಕಳು ಮೊಬೈಲಿನಲ್ಲಿ ಹುಡುಕಲು ಕೂರುತ್ತಾರೆ. ಹೊಸ ಮಾಹಿತಿ ಮೇ ಕೊನೆಯಲ್ಲಿ ಏರುವುದಾದರೆ, ಅಷ್ಟರಲ್ಲಿ ಅವರು ಹಳೆಯ ಪುಟ ನೋಡಿ ಮನಸ್ಸು ಮಾಡಿಬಿಟ್ಟಿರುತ್ತಾರೆ.

ಕೋಷ್ಟಕ ಸಿದ್ಧವಾದ ಮೇಲೆ ಒಂದು ನಿಯಮ ಜಾರಿಗೆ ಬರಬೇಕು: ಶುಲ್ಕ, ಅರ್ಹತೆ, ದಿನಾಂಕ ಈ ಮೂರನ್ನು ಕೋರ್ಸಿನ ಅಧಿಕೃತ ಪುಟದಲ್ಲಿ ಮಾತ್ರ ಬರೆಯಬೇಕು, ಬೇರೆಲ್ಲ ಕಡೆ ಆ ಪುಟದ ಕೊಂಡಿಯನ್ನಷ್ಟೇ ಕೊಡಬೇಕು. ವಿಭಾಗದವರು ಹಂಚುವ ಚಿತ್ರದಲ್ಲಿ ಕೋರ್ಸಿನ ಹೆಸರು, ಅಧ್ಯಾಪಕರ ಪರಿಚಯ, ಕ್ಯೂಆರ್ ಕೋಡ್ ಇರಲಿ, ಅಂಕಿ ಬೇಡ. ಚಿತ್ರವೊಂದು ವಾಟ್ಸಾಪಿನಲ್ಲಿ ಹೊರಟ ಮೇಲೆ ಅದನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗದು. ಪುಟದ ವಿಳಾಸವೂ ಪ್ರತಿ ವರ್ಷ ಬದಲಾಗಬಾರದು. ವಿಳಾಸದಲ್ಲೇ ವರ್ಷವನ್ನು ಸೇರಿಸುವ ರೂಢಿ ಹಲವು ಕಡೆ ಇದೆ; ಅದರಿಂದ ಹಿಂದಿನ ವರ್ಷ ಉಪನ್ಯಾಸಕರೊಬ್ಬರು ತಮ್ಮ ಮಕ್ಕಳಿಗೆ ಕಳುಹಿಸಿದ ಕೊಂಡಿ ಈ ವರ್ಷ ಹಳೆಯ ಶುಲ್ಕದ ಮುಂದೆಯೇ ತಂದು ನಿಲ್ಲಿಸುತ್ತದೆ. ವಿಳಾಸ ಒಂದೇ ಇರಲಿ, ಒಳಗಿನ ಮಾಹಿತಿ ಯಾವ ಶೈಕ್ಷಣಿಕ ವರ್ಷದ್ದೆಂದು ಮೇಲೆಯೇ ದೊಡ್ಡದಾಗಿ ಬರೆದಿರಲಿ. ಹಾಗೆಂದು ಹಳೆಯ ಪಠ್ಯಕ್ರಮಗಳನ್ನು ಅಳಿಸಬೇಡಿ. ಹೊರರಾಜ್ಯದಲ್ಲಿ ಸಮಾನತೆಯ ಪ್ರಮಾಣಪತ್ರ ಕೇಳಿದಾಗ, ಹತ್ತು ವರ್ಷದ ಹಿಂದೆ ಓದಿದವರಿಗೂ ತಾವು ಓದಿದ ವರ್ಷದ ಪಠ್ಯಕ್ರಮವೇ ಬೇಕಾಗುತ್ತದೆ. ಅವುಗಳನ್ನು ಬೇರೆ ವಿಭಾಗದಲ್ಲಿ, 'ಈಗ ಪ್ರವೇಶ ಪಡೆಯುವವರಿಗೆ ಅನ್ವಯಿಸುವುದಿಲ್ಲ' ಎಂಬ ಸಾಲಿನೊಂದಿಗೆ ಇಡಿ.

ಹೆಸರಿನ ಗೊಂದಲವನ್ನೂ ಮರೆಯಬೇಡಿ. ನಗರದ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಎಂದಾಯಿತು. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಗುಲಬರ್ಗಾ ಎಂಬ ಹೆಸರಿನಲ್ಲೇ ಉಳಿಯಿತು. 2009ರಲ್ಲಿ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಇವುಗಳ ಜೊತೆಗೆ ನಗರದಲ್ಲೇ ಖಾಸಗಿ ವಿಶ್ವವಿದ್ಯಾಲಯಗಳೂ ಇವೆ. ಹುಡುಗರು ಗುಲ್ಬರ್ಗ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಎಂದು ತೋಚಿದ ಹಾಗೆ ಬರೆದು ಹುಡುಕುತ್ತಾರೆ. ಸೇಡಂ ರಸ್ತೆಯ ಜ್ಞಾನಗಂಗಾ ಆವರಣಕ್ಕೆ ಹೋಗಬೇಕಾದವರು ಕಡಗಂಚಿಯ ಬಸ್ಸು ಹತ್ತಿದ್ದನ್ನು ನಾನು ಬಲ್ಲೆ. ಸ್ಥಳ ತಪ್ಪಿದರೆ ಅರ್ಧ ದಿನ ಹೋಗುತ್ತದೆ, ಪ್ರವೇಶದ ದಾರಿ ತಪ್ಪಿದರೆ ಒಂದು ವರ್ಷ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2022ರಿಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದು ಬರಬೇಕು, ರಾಜ್ಯ ವಿಶ್ವವಿದ್ಯಾಲಯಗಳ ಪ್ರವೇಶ 2021-22ರಿಂದ ಯುಯುಸಿಎಂಎಸ್ ಎಂಬ ರಾಜ್ಯದ ಏಕೀಕೃತ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ನಿಮ್ಮ ಕೋರ್ಸಿನ ಪುಟದ ಮೊದಲ ನಾಲ್ಕು ಸಾಲಿನಲ್ಲಿ ನಿಮ್ಮದು ಯಾವ ಬಗೆಯ ವಿಶ್ವವಿದ್ಯಾಲಯ, ಎಲ್ಲಿದೆ, ಅರ್ಜಿ ಯಾವ ದಾರಿಯಲ್ಲಿ ಹಾಕಬೇಕು ಎಂಬುದು ಬಂದುಬಿಡಲಿ.

ಕೊನೆಯದಾಗಿ ಅಧಿಕಾರದ ಮಾತು. ದ್ವಿತೀಯ ದರ್ಜೆ ಸಹಾಯಕಿಯ ಟಿಪ್ಪಣಿಗೆ ವಿಭಾಗದ ಮುಖ್ಯಸ್ಥರು ಉತ್ತರ ಕೊಡುವುದಿಲ್ಲ ಎಂಬ ಅಳಲು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣಿಸುತ್ತದೆ. ಕುಲಸಚಿವರಿಂದ ಒಂದು ಪುಟದ ಸುತ್ತೋಲೆ ಹೊರಡಿಸಿ: ಕೋರ್ಸಿನ ಯಾವುದೇ ವಿವರ ಬದಲಾದರೆ ಇಷ್ಟು ದಿನಗಳೊಳಗೆ ಆದೇಶದ ಪ್ರತಿಯೊಂದಿಗೆ ನಿಮ್ಮ ಮೇಜಿಗೆ ಬರಬೇಕು, ಪ್ರತಿ ವರ್ಷ ನಿಗದಿತ ದಿನಾಂಕದೊಳಗೆ ಮುಖ್ಯಸ್ಥರು ತಮ್ಮ ಕೋರ್ಸುಗಳ ಪುಟ ಓದಿ ಸಹಿ ಮಾಡಬೇಕು. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು, ಪ್ರತಿ ವರ್ಷ ನವೀಕರಿಸಬೇಕು ಎನ್ನುತ್ತದೆ. ಬ್ರಿಟನ್ನಿನಲ್ಲಿ ಇನ್ನೂ ಮುಂದೆ ಹೋಗಿ, ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2015ರಲ್ಲೇ ವಿಶ್ವವಿದ್ಯಾಲಯಗಳಿಗೆ ಮಾರ್ಗಸೂಚಿ ಕೊಟ್ಟು, ಕೋರ್ಸಿನ ಸ್ವರೂಪ ಮತ್ತು ಒಟ್ಟು ಖರ್ಚನ್ನು ಸೇರುವ ಮೊದಲೇ ಸರಿಯಾಗಿ ತಿಳಿಸುವುದು ಗ್ರಾಹಕ ಕಾನೂನಿನ ಬಾಧ್ಯತೆ ಎಂದು ಸ್ಪಷ್ಟಪಡಿಸಿತು. ವಿದ್ಯಾರ್ಥಿಯನ್ನು ಗ್ರಾಹಕ ಎನ್ನುವುದು ನನಗೆ ಹಿಡಿಸದ ಮಾತು. ಆದರೆ ಮಾಹಿತಿಯನ್ನು ಉಪಕಾರವೆಂದಲ್ಲದೆ ಋಣವೆಂದು ತಿಳಿಯುವುದನ್ನು ಅಲ್ಲಿಂದ ಕಲಿಯಬಹುದು.

ಎರಡು ವಾರ ಕೌಂಟರಿಗೂ ದೂರವಾಣಿಗೂ ಬರುವ ಪ್ರತಿ ಪ್ರಶ್ನೆಯನ್ನು ಒಂದು ವಹಿಯಲ್ಲಿ ಬರೆದಿಡಿ. ಯಾವ ಪ್ರಶ್ನೆ ಹೆಚ್ಚು ಸಲ ಬಂತೋ ಅದರ ಉತ್ತರ ಪುಟದಲ್ಲಿ ಇಲ್ಲ, ಇಲ್ಲವೇ ಇದ್ದರೂ ಕಾಣುತ್ತಿಲ್ಲ. ಬಳಿಕ ಹತ್ತಿರದ ಪಿಯು ಕಾಲೇಜಿನ ನಾಲ್ಕೈದು ಮಕ್ಕಳನ್ನು ಕರೆದು, ಅವರದೇ ಮೊಬೈಲಿನಲ್ಲಿ 'ಪ್ರವರ್ಗ-1ರ ವಿದ್ಯಾರ್ಥಿನಿಗೆ ಈ ಕೋರ್ಸಿನ ಮೊದಲ ವರ್ಷದ ಖರ್ಚೆಷ್ಟು, ಹುಡುಕಮ್ಮ' ಎಂದು ಹೇಳಿ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ನೆರವಾಗಬೇಡಿ. ಅವರ ಹೆಬ್ಬೆರಳು ಎಲ್ಲಿ ನಿಂತಿತು, ಎಲ್ಲಿಂದ ಹಿಂದಕ್ಕೆ ಹೋಯಿತು ಎಂಬುದನ್ನು ನೋಡಿದರೆ ಏನನ್ನು ತಿದ್ದಬೇಕೆಂದು ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ನಾನು ಸುರಪುರ ತಾಲ್ಲೂಕಿನ ರೈತ. ಮಗಳು ದ್ವಿತೀಯ ಪಿಯುಸಿ ಪಾಸಾಗಿದ್ದಾಳೆ. ಬಿ.ಎ. ಮೂರು ವರ್ಷವೆಂದು ಕಾಲೇಜಿನವರು ಹೇಳುತ್ತಾರೆ, ನಾಲ್ಕು ವರ್ಷದ ಆನರ್ಸ್ ಎಂದು ಮಗಳು ಒಂದು ಜಾಲತಾಣದಲ್ಲಿ ತೋರಿಸುತ್ತಾಳೆ. ನಮ್ಮ ಕಾಲೇಜು ಕಲಬುರಗಿಗೆ ಸೇರಿದ್ದೆಂದು ಅಲ್ಲಿ ಇದೆ, ರಾಯಚೂರಿಗೆ ಎಂದು ಕಾಲೇಜಿನ ಫಲಕದಲ್ಲಿ ಇದೆ. ಯಾವುದನ್ನು ನಂಬಬೇಕು?

ಉತ್ತರ: ಗೌಡರೇ, ಎರಡೂ ವಿಷಯದಲ್ಲಿ ನಿಮ್ಮ ಕಾಲೇಜಿನವರು ಹೇಳುತ್ತಿರುವುದೇ ಸರಿ. ನಿಮ್ಮ ಮಗಳು ನೋಡಿದ್ದು ಒಂದು ಕಾಲದಲ್ಲಿ ನಿಜವಾಗಿದ್ದ ಪುಟ. ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿತ್ತು. ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷಕ್ಕೆ ಆನರ್ಸ್ ಎಂಬುದು ಅದರ ಕ್ರಮ. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ವರ್ಷಗಳಲ್ಲಿ ಸೇರಿದವರಿಗೆ ಅವರು ಸೇರಿದ ಪದ್ಧತಿಯೇ ಮುಂದುವರಿಯಿತು. ಆದ್ದರಿಂದ ಹಳೆಯ ಪುಟವನ್ನು ತೆಗೆಯಲೂ ಆಗದೆ, ಯಾರಿಗೆ ಅನ್ವಯಿಸುತ್ತದೆಂದು ಬರೆಯಲೂ ಯಾರೂ ಮನಸ್ಸು ಮಾಡದೆ, ಅದು ಹಾಗೆಯೇ ಉಳಿದಿದೆ. '2021-22ರಿಂದ 2023-24ರವರೆಗೆ ಸೇರಿದವರಿಗೆ ಮಾತ್ರ' ಎಂಬ ಒಂದು ಸಾಲು ಆ ಪುಟದ ನೆತ್ತಿಯ ಮೇಲಿದ್ದಿದ್ದರೆ ನಿಮ್ಮ ಮನೆಯಲ್ಲಿ ಈ ವಾದವೇ ನಡೆಯುತ್ತಿರಲಿಲ್ಲ. ಇಲ್ಲೊಂದು ಎಚ್ಚರಿಕೆಯ ಮಾತು: ಈ ಆದೇಶ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದ್ದು, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅನ್ವಯಿಸುವುದಿಲ್ಲ. ಮಗಳು ಕಡಗಂಚಿಗೆ ಅರ್ಜಿ ಹಾಕುವ ಆಲೋಚನೆಯಲ್ಲಿದ್ದರೆ ಅವಧಿಯನ್ನು ಅವರದೇ ಅಧಿಸೂಚನೆಯಲ್ಲಿ ನೋಡಿಕೊಳ್ಳಲಿ.

ಸಂಯೋಜನೆಯ ವಿಷಯವೂ ಹೀಗೆಯೇ. ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ರಾಯಚೂರಿನಲ್ಲಿ ಹೊಸ ವಿಶ್ವವಿದ್ಯಾಲಯ ಆದಾಗ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಆಮೇಲೆ ಬೀದರಿಗೂ ತನ್ನದೇ ವಿಶ್ವವಿದ್ಯಾಲಯ ಬಂತು. ಎಲ್ಲೋ ಒಂದು ಪಟ್ಟಿಯಲ್ಲಿ ಹಳೆಯ ಮೂರು-ನಾಲ್ಕು ಜಿಲ್ಲೆಗಳ ಕಾಲೇಜುಗಳು ಒಟ್ಟಿಗೇ ಉಳಿದಿದ್ದರೆ ಅಚ್ಚರಿಯಿಲ್ಲ. ಮಗಳ ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಎಂಬುದೇ ಮುಖ್ಯ. ಅದನ್ನು ಈ ವರ್ಷದ ಪ್ರವೇಶಾತಿ ಅಧಿಸೂಚನೆಯಲ್ಲಿ ನೋಡಿ, ಪ್ರಾಂಶುಪಾಲರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಯಾವುದೇ ಪುಟ ತೆರೆದಾಗ ಮೊದಲು ಮೂರನ್ನು ನೋಡಲು ಮಗಳಿಗೆ ಹೇಳಿ: ಯಾವ ಶೈಕ್ಷಣಿಕ ವರ್ಷದ್ದು, ಯಾವ ಆದೇಶ ಅಥವಾ ಅಧಿಸೂಚನೆಯ ಸಂಖ್ಯೆ ಇದೆ, ಪುಟ ವಿಶ್ವವಿದ್ಯಾಲಯದ ಸ್ವಂತ ವಿಳಾಸದಲ್ಲಿದೆಯೇ. ಹುಡುಕಾಟದಲ್ಲಿ ಮೊದಲು ಕಾಣಿಸುವುದು ಹಲವು ಸಲ ವಿಶ್ವವಿದ್ಯಾಲಯದ ಪುಟವೇ ಆಗಿರುವುದಿಲ್ಲ. ಕೋರ್ಸುಗಳ ವಿವರ ಕೊಡುತ್ತೇವೆಂದು ಮೊಬೈಲ್ ಸಂಖ್ಯೆ ಕೇಳುವ ಖಾಸಗಿ ತಾಣಗಳು ಮೇಲೆ ಬಂದಿರುತ್ತವೆ. ಅಲ್ಲಿನ ಶುಲ್ಕವೂ ಕಟ್‌ಆಫ್ ಅಂಕಗಳೂ ಎಷ್ಟು ಹಳೆಯವೆಂದು ತಿಳಿಯುವ ದಾರಿ ಇಲ್ಲ. ಸಂಖ್ಯೆ ಕೊಟ್ಟ ಮೇಲೆ ದೂರದ ಊರುಗಳ ಕಾಲೇಜುಗಳಿಂದ ಕರೆಗಳು ಬರತೊಡಗುತ್ತವೆ. ಸೈಬರ್ ಸೆಂಟರಿನವರು ಹೇಳಿದ್ದನ್ನೂ ಒಮ್ಮೆ ಅಧಿಸೂಚನೆಯೊಂದಿಗೆ ತಾಳೆ ನೋಡಿ. ಶಹಾಪುರ, ಜೇವರ್ಗಿ ದಾಟಿ ಕಲಬುರಗಿಗೆ ಒಂದು ದಿನದ ಕೂಲಿ ಬಿಟ್ಟು ಬರುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಟ್ಟರೆ ನಷ್ಟವಿಲ್ಲ.

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ ಪಿಯು ಉಪನ್ಯಾಸಕ. ವಿಶ್ವವಿದ್ಯಾಲಯಗಳ ಕೋರ್ಸು ಮಾಹಿತಿ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿಯೂ ಕೊಡಿ ಎಂದರೆ, ಈಗ ಪುಟವನ್ನು ಯಂತ್ರವೇ ಅನುವಾದಿಸಿಕೊಡುತ್ತದೆ, ಬೇರೆ ಕನ್ನಡ ಪುಟ ಏಕೆ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಯಂತ್ರಾನುವಾದ ಸುಧಾರಿಸಿರುವುದು ನಿಜ. ಆದರೆ ಸೀಟುಗಳ ಸಂಖ್ಯೆ ಎಂಬ ಅರ್ಥದ 'ಇಂಟೇಕ್' ಪದವು 'ಸೇವನೆ' ಎಂದಾಗಿರುವ ಪುಟವನ್ನು ನಾನೇ ನೋಡಿದ್ದೇನೆ. 'ಸೇವನೆ: 40' ಎಂದು ಓದಿದ ಮಗುವಿಗೆ ಏನು ತಿಳಿಯಬೇಕು? ಅರ್ಹತೆಯ ಒಂದು ವಾಕ್ಯದಲ್ಲಿ 'ಅಥವಾ' ಇರಬೇಕಾದಲ್ಲಿ 'ಮತ್ತು' ಬಂದರೆ ಅರ್ಹರು ಅನರ್ಹರೆಂದು ತಿಳಿದು ಅರ್ಜಿಯನ್ನೇ ಹಾಕುವುದಿಲ್ಲ. ಅಂಥವರ ಲೆಕ್ಕ ಯಾವ ಕಚೇರಿಗೂ ಸಿಗುವುದಿಲ್ಲ, ಏಕೆಂದರೆ ಅವರು ಕೌಂಟರಿಗೆ ಬರುವುದೇ ಇಲ್ಲ. ಹಾಗಾಗಿ ಶುಲ್ಕ, ಅರ್ಹತೆ, ದಾಖಲೆ, ದಿನಾಂಕ ಈ ನಾಲ್ಕು ಸಂಗತಿಗಳ ಕನ್ನಡ ಪಠ್ಯವನ್ನು ಮನುಷ್ಯರೇ ಬರೆದು, ಇಂಗ್ಲಿಷ್ ಪಠ್ಯದೊಂದಿಗೆ ಒಂದೇ ದಿನ ಪ್ರಕಟಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಠ್ಯಕ್ರಮದ ವಿವರಗಳು ಆಮೇಲೆ ಬಂದರೂ ನಡೆಯುತ್ತದೆ.

ಕನ್ನಡವೆಂದರೆ ಕಚೇರಿಯ ಕನ್ನಡವೂ ಆಗಬಾರದು. 'ತತ್ಸಮಾನ ವಿದ್ಯಾರ್ಹತೆಯನ್ನು ಹೊಂದಿರತಕ್ಕದ್ದು' ಎಂಬಲ್ಲಿ ಯಾವ ಯಾವ ಕೋರ್ಸುಗಳು ಸಮಾನ ಎಂದು ಹೆಸರಿಸಿದರೆ ಆ ವಾಕ್ಯದ ಕೆಲಸ ಮುಗಿಯುತ್ತದೆ. ಡಿಎಸ್‌ಸಿ (ಮುಖ್ಯ ವಿಷಯ), ಓಇ (ಮುಕ್ತ ಐಚ್ಛಿಕ), ಎಇಸಿಸಿ (ಸಾಮರ್ಥ್ಯ ವರ್ಧನೆಯ ಕಡ್ಡಾಯ ವಿಷಯ) ಎಂಬ ಹ್ರಸ್ವಾಕ್ಷರಗಳನ್ನು ಬಿಡಿಸಿ ಹೇಳಬೇಕು. ಕ್ರೆಡಿಟ್ ಎಂದರೇನೆಂದು ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಸೆಮಿಸ್ಟರಿನುದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಯೋಗಾಲಯದ ಕೆಲಸಕ್ಕೆ ಸಾಮಾನ್ಯವಾಗಿ ಒಂದು ಕ್ರೆಡಿಟ್ ಎಂದು ಒಂದು ಸಾಲಿನಲ್ಲಿ ಹೇಳಿದರೆ, ವಾರದಲ್ಲಿ ಎಷ್ಟು ಹೊತ್ತು ಕಾಲೇಜಿನಲ್ಲಿರಬೇಕೆಂಬ ಲೆಕ್ಕವನ್ನು ಅವರೇ ಹಾಕಿಕೊಳ್ಳುತ್ತಾರೆ. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರಿಗೆ ಅದು ಸಣ್ಣ ಲೆಕ್ಕವಲ್ಲ. ಬೋಧನೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ಪುಟಗಳು ತೀರ ಕಡಿಮೆ. ನಿಮ್ಮ ಜಿಲ್ಲೆಯಲ್ಲಿ ಉರ್ದು ಮತ್ತು ಮರಾಠಿ ಮಾಧ್ಯಮದಿಂದ ಬರುವ ಮಕ್ಕಳೂ ಇದ್ದಾರೆ. ಅವರಿಗೂ ಮೊದಲು ಬೇಕಾದ ಉತ್ತರ ಇದೇ.

ಇನ್ನೊಂದು ತಾಂತ್ರಿಕ ಮಾತನ್ನು ನಿಮ್ಮ ಪರಿಚಯದ ವಿಶ್ವವಿದ್ಯಾಲಯದವರಿಗೆ ತಲುಪಿಸಿ. ನಮ್ಮ ಕಚೇರಿಗಳಲ್ಲಿ ಇಂದಿಗೂ ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಬೆರಳಚ್ಚು ಮಾಡಿ, ಅದನ್ನೇ ಜಾಲತಾಣಕ್ಕೆ ಏರಿಸುವ ರೂಢಿ ಇದೆ. ಆ ಅಕ್ಷರಗಳು ನೋಡಲು ಕನ್ನಡವಾದರೂ ಒಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಓದಲಾಗದು, ಕನ್ನಡದಲ್ಲಿ ಹುಡುಕಿದರೆ ಸಿಗದು. ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿ ಬರೆದರೆ ಮಾತ್ರ ಕನ್ನಡ ಪುಟ ಕನ್ನಡದಲ್ಲಿ ಹುಡುಕುವವರ ಕೈಗೆ ಸಿಗುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯೂ ಇದೆ, ಹಳೆಯ ಬರಹವನ್ನು ಪರಿವರ್ತಿಸುವ ಸಾಧನಗಳೂ ಉಚಿತವಾಗಿ ಸಿಗುತ್ತವೆ.

ಪ್ರಶ್ನೆ: ನಾನು ಚಿಂಚೋಳಿಯ ಕಡೆಯವಳು, ದೃಷ್ಟಿ ಇಲ್ಲ. ಮೊಬೈಲ್ ಓದಿ ಹೇಳುವುದನ್ನು ಕೇಳಿ ಎಲ್ಲ ಕೆಲಸ ಮಾಡಿಕೊಳ್ಳುತ್ತೇನೆ. ಎಂ.ಎ. ಪ್ರವೇಶದ ಅಧಿಸೂಚನೆ ತೆರೆದರೆ ಮೊಬೈಲ್ ಮೌನವಾಗಿಬಿಡುತ್ತದೆ. ಪ್ರತಿ ಸಲ ಬೇರೆಯವರಿಂದ ಓದಿಸಿಕೊಳ್ಳಬೇಕೇ?

ಉತ್ತರ: ಬೇಕಿಲ್ಲ, ತಾಯಿ. ಅಧಿಸೂಚನೆಯನ್ನು ಮುದ್ರಿಸಿ, ಸಹಿ ಹಾಕಿಸಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಹಾಗೆ ಮಾಡಿದಾಗ ಅದು ಅಕ್ಷರಗಳಾಗಿ ಉಳಿಯದೆ ಬರೀ ಚಿತ್ರವಾಗುತ್ತದೆ. ಚಿತ್ರದಲ್ಲಿ ಓದಲು ಮೊಬೈಲಿಗೆ ಏನೂ ಸಿಗುವುದಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮ ಮತ್ತು ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಎರಡೂ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕು ಎನ್ನುತ್ತವೆ. ಆದ್ದರಿಂದ ನೀವು ಕೇಳುತ್ತಿರುವುದು ದಯೆಯನ್ನಲ್ಲ. ಕುಲಸಚಿವರಿಗೆ ಒಂದು ಇಮೇಲ್ ಬರೆದು, ಅಧಿಸೂಚನೆಯ ಅಕ್ಷರ ರೂಪದ ಪ್ರತಿಯನ್ನು ಕೇಳಿ. ಅದು ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ, ಏಕೆಂದರೆ ಮುದ್ರಿಸುವ ಮೊದಲು ಯಾರೋ ಅದನ್ನು ಬೆರಳಚ್ಚು ಮಾಡಿರುತ್ತಾರೆ. ಸಹಿ ಇರುವ ಪ್ರತಿ ದಾಖಲೆಗಾಗಿ ಇರಲಿ, ಅದರ ಜೊತೆಗೆ ಅದೇ ಪಠ್ಯ ಯೂನಿಕೋಡ್ ಅಕ್ಷರಗಳಲ್ಲಿ ಕೋರ್ಸಿನ ಪುಟದಲ್ಲೇ ಇರಬೇಕೆಂದೂ ಆ ಪತ್ರದಲ್ಲಿ ಬರೆಯಿರಿ. ಉತ್ತರ ಬಾರದಿದ್ದರೆ ಪತ್ರದ ಪ್ರತಿಯನ್ನು ನನಗೆ ಕಳುಹಿಸಿ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ತಪ್ಪದಿರಲಿ: ಚಿತ್ರದಿಂದ ಅಕ್ಷರ ತೆಗೆದು ಓದುವ ಆಪ್‌ಗಳು ಉಚಿತವಾಗಿ ಸಿಗುತ್ತವೆ, ಕನ್ನಡವನ್ನೂ ಅವು ತಕ್ಕಮಟ್ಟಿಗೆ ಓದುತ್ತವೆ. ಆದರೆ ಅಂಕಿಗಳಲ್ಲಿ ತಪ್ಪು ಮಾಡುವುದುಂಟು. ಆದ್ದರಿಂದ ದಿನಾಂಕವನ್ನೂ ಶುಲ್ಕವನ್ನೂ ಮಾತ್ರ ಒಮ್ಮೆ ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳಿ.